ತಿಪ್ಪಣ್ಣನ ಹೆಸರು ಅಚ್ಚಾದ ಮೇಲೆ

೧೯೭೪ನೇ ಇಸವಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿತ್ತಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಛಾಪಖಾನೆ ಇತ್ತು. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ, ಒಂದು ಕಟಿಂಗ್ ಮಷೀನು, ಅಚ್ಚಿನ ಮೊಳೆ ಜೋಡಿಸಲು ಖಾಜಾಮಿಯಾ ಎಂಬ ಕಂಪೋಸಿಟರ್. ನಾನು ವಾಡಿ ಜಂಕ್ಷನ್ನಿನಲ್ಲಿ ಕಾಗದದ ಬಂಡಲ್ ಹೊತ್ತು ಮೇಲೆ ಬಂದವನು. ಯಾರಿಗೆ ಎಷ್ಟು ಬಿಡಬೇಕು, ಯಾರನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಅಲ್ಲಿಯೇ ಕಲಿತಿದ್ದೆ. ಆ ವರ್ಷ ರಾಜ್ಯದ ಹೆಸರು ಬದಲಾದ ಪುಣ್ಯಕ್ಕೆ ವಕೀಲರು, ವರ್ತಕರು ಹೊಸ ಲೆಟರ್‌ಹೆಡ್ಡಿಗಾಗಿ ಸಾಲು ನಿಂತಿದ್ದರು. ಕಾದಂಬರಿ ಹಿಡಿಯುವ ಗರಜು ನನಗಿರಲಿಲ್ಲ.

ಆದರೂ ಸಾಯಬಣ್ಣನ ಕಾದಂಬರಿ ಹಿಡಿದೆ. ಆತ ಶಹಾಬಾದಿನ ಒಂದು ಕಲ್ಲಿನ ಖಣಿಯಲ್ಲಿ ಲಾರಿಗಳಿಗೆ ಚೀಟಿ ಬರೆಯುವ ಗುಮಾಸ್ತ. ಪ್ರಕಾಶಕರ ಬಾಗಿಲಿಗೆ ಹೋಗದೆ ತಾನೇ ಬರೆದು ತಾನೇ ಅಚ್ಚು ಹಾಕಿಸುವ ಹಟದವನು. ಕಥೆ ಅವನ ತಾಯಿ ಮಲ್ಲವ್ವನದು. ಕಾಗಿಣಾ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಅವನ ತಂದೆ ಹರಗೋಲು ಹಾಕಿ ಮಂದಿಯನ್ನು ದಾಟಿಸುತ್ತಿದ್ದ. ಈಗ ತಾಯಿ ಮಗ ಶಹಾಬಾದಿನಲ್ಲಿದ್ದರು. ಸಂಜೆ ರೊಟ್ಟಿ ಬಡಿಯುತ್ತ ತಾಯಿ ಹೇಳಿದ್ದನ್ನು ಈತ ಮನಸ್ಸಿನಲ್ಲಿಟ್ಟುಕೊಂಡು, ಭಾನುವಾರ ವಾಡಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದ. ತೆಲುಗು, ಉರ್ದು, ಮರಾಠಿ ಎಲ್ಲ ಕಲಸಿದ ಆ ಗದ್ದಲದಲ್ಲಿಯೇ ಅವ್ವನ ಧ್ವನಿ ಚೊಕ್ಕ ಕೇಳಿಸುತ್ತದೆ ಎನ್ನುತ್ತಿದ್ದ. ಬರೆದದ್ದನ್ನು ಮಾತ್ರ ತಾಯಿಗೆ ಓದಿ ಹೇಳಿರಲಿಲ್ಲ. ಪುಸ್ತಕ ಕಟ್ಟಿಸಿ, ಆಕೆಯ ಕೈಗೆ ಕೊಟ್ಟು, ಆಮೇಲೆ ಓದಬೇಕೆಂಬ ಆಸೆ.

ಪುಸ್ತಕ ಮಾಡಿಸುವವರು ನಮ್ಮ ಕೆಲಸದ ಒಂದು ಮಾತು ತಿಳಿದಿರಬೇಕು. ನಮ್ಮಂಥ ಸಣ್ಣ ಛಾಪಖಾನೆಯಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಸೀಸದ ಮೊಳೆ ಇರುವುದಿಲ್ಲ. ಎಂಟು ಪುಟ ಜೋಡಿಸಬೇಕು. ಅದಕ್ಕೆ ಒಂದು ಫಾರಂ ಎನ್ನುತ್ತೇವೆ. ಅದರ ಎಲ್ಲ ಪ್ರತಿ ಅಚ್ಚು ಹಾಕಿ, ಮೊಳೆ ಬಿಚ್ಚಿ ಮತ್ತೆ ಖಾನೆಗೆ ಹಾಕಿ, ಮುಂದಿನ ಎಂಟು ಪುಟಕ್ಕೆ ಕೈ ಹಾಕಬೇಕು. ಬಿಚ್ಚಿದ ಮೇಲೆ ಹಿಂದಿನ ಪುಟದಲ್ಲಿ ಒಂದು ಅಕ್ಷರ ತಿದ್ದಲಿಕ್ಕೂ ಬರುವುದಿಲ್ಲ. ಸಾಯಬಣ್ಣನೋ, ಮುಂದಿನ ಅಧ್ಯಾಯ ಇನ್ನೂ ಬರೆಯುತ್ತಿರುವಾಗಲೇ ಹಿಂದಿನದನ್ನು ಅಚ್ಚಿಗೆ ಕೊಡುತ್ತಿದ್ದ.

ಖಾಜಾಮಿಯಾ ಅವನನ್ನು ಕಂಡಾಗಲೆಲ್ಲ ಕಾಡುತ್ತಿದ್ದ. "ಸಾಯಬಣ್ಣ, ಹೊಳಿ, ಮಳಿ, ಗಾಳಿ ಅಂತ ಬರದು ಬರದು ನನ್ನ 'ಳ' ಖಾನಿ ಬತ್ತಿಸಿಬಿಟ್ರಿ. ಒಂದೆರಡು ಪುಟ ಮಂದೀನ ಊರೊಳಗ ಕರ್ಕೊಂಡು ಬರ್ರಿ."

ಐದನೇ ಫಾರಂ ಹೊತ್ತಿಗೆ ನಾನೇ ಒಂದು ತಕರಾರು ತೆಗೆದೆ. ಹರಗೋಲು ಎರಡು ಮನೆಯ ಪಾಲಿನದು. ಅದರ ಚರ್ಮ ಹೊಲಿದು ಎಣ್ಣೆ ಹಚ್ಚುವ ಕೆಲಸ ಪಾಳಿಯ ಮೇಲೆ ನಡೆಯುತ್ತಿತ್ತು. ಪಾಲುದಾರ ತಿಪ್ಪಣ್ಣ ತನ್ನ ಪಾಳಿಯಲ್ಲಿ ಬೇಕೆಂದೇ ಹೊಲಿಯದೆ ಬಿಟ್ಟ, ನಡು ಹೊಳೆಯಲ್ಲಿ ನೀರು ನುಗ್ಗಿ ಸಾಯಬಣ್ಣನ ತಂದೆ ಸಾಯುತ್ತಾನೆ ಎಂದು ಮುಂದಿನ ಕಥೆ. ತಿಪ್ಪಣ್ಣ ತೀರಿಕೊಂಡಿದ್ದರೂ ಅವನ ಮನೆತನ ಅದೇ ಊರಲ್ಲಿತ್ತು. ಹೆಸರು ಖರೇ ಇದ್ದರೆ ಬದಲಿಸಿರೆಂದು ಹೇಳಿದೆ.

"ಆ ಹೆಸರು ಆ ಊರಾಗ ಓದಬೇಕಂತನೇ ಬರಿಲಿಕತ್ತೀನ್ರಿ ಸಾವಕಾರ್ರೆ," ಅಂದ. "ಅದು ತೆಗದ್ರ ನನ್ನಲ್ಲಿ ಬರಿಯೋದೇನೂ ಉಳಿಯಂಗಿಲ್ಲ."

ಆರನೇ ಫಾರಮ್ಮಿನಲ್ಲಿ ತಂದೆಯ ಸಾವು ಬಂತು. ಅಚ್ಚಾದ ಹಾಳೆ ನೋಡಿ ಅವನಿಗೆ ತಡೆಯಲಾಗಲಿಲ್ಲ. ಆರೂ ಫಾರಮ್ಮಿನ ಒಂದೊಂದು ಹಾಳೆ ಮಡಚಿಕೊಂಡು ಹೋಗಿ ತಾಯಿಗೆ ಓದಿ ಹೇಳಿದ. ಮರುದಿನ ಬಂದವನು ಕಟ್ಟೆಯ ಮೇಲೆ ಕೂತ. ಮುಖದಲ್ಲಿ ಕಳೆ ಇರಲಿಲ್ಲ. ಅವ್ವ ಇದೆಲ್ಲ ಸುಳ್ಳು ಅಂತಾಳೆ ಎಂದಷ್ಟೇ ಹೇಳಿದ.

ವಯಸ್ಸಾದವರ ಮಾತು, ಏನೋ ಮರೆತಿರಬೇಕು ಎಂದುಕೊಂಡು ಅವನೊಡನೆ ನಾನೇ ಶಹಾಬಾದಿಗೆ ಹೋದೆ. ಕೂತು ಮಾತಾಡಿದರೆ ಎಂಥ ತಂಟೆಯೂ ಬಗೆಹರಿಯುತ್ತದೆ ಎಂಬ ನಂಬಿಕೆ ಆಗ ನನಗಿತ್ತು. ಮಲ್ಲವ್ವ ಏನೂ ಮರೆತಿರಲಿಲ್ಲ.

"ಹೊಲಿಗಿ ಗಟ್ಟಿನೇ ಇತ್ತಪ್ಪ," ಅಂದಳು. "ಹೊಳಿ ಭಾಳ ಬಂದಾದ, ಬ್ಯಾಡ ಅಂತ ತಿಪ್ಪಣ್ಣ ಹುಟ್ಟು ಕಸಗೊಂಡು ನಿಂತಿದ್ದ. ನನಗ ಬ್ಯಾನಿ ಹತ್ತಿತ್ತು. ಸೂಲಗಿತ್ತಿ ಆಚಿ ದಂಡ್ಯಾಗ ಇದ್ಲು. ಇವನಪ್ಪ ಕೇಳಲಿಲ್ಲ, ಕರಕೊಂಡು ಬರ್ತೀನಂತ ಹೋದ. ಇವ ಹುಟ್ಟಿದ, ಅವ ಬರಲಿಲ್ಲ."

ಮತ್ತೆ ಇಷ್ಟು ವರ್ಷ ತಿಪ್ಪಣ್ಣನ ಹೆಸರು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಸಣ್ಣಾವಿದ್ದಾಗ ಕೇಳ್ತಿದ್ದ, ಅಪ್ಪ ಹ್ಯಾಂಗ ಸತ್ತ ಅಂತ. ನಿನ್ನ ಸಲುವಾಗಿ ಅಂತ ಹೇಳ್ಲೇನು? ಬಾಯಿಗಿ ತಿಪ್ಪಣ್ಣನ ಹೆಸರು ಬಂತು. ಆ ಊರಿಗಂತೂ ನಾವು ಮತ್ತ ಹೋಗಲಿಲ್ಲ, ಮನ್ಯಾಗಿನ ಮಾತು ಮನ್ಯಾಗೇ ಇರ್ತದ ಅನಕೊಂಡಿದ್ದೆ. ನೀವು ಅದನ್ನ ಸೀಸದಾಗ ಕೂಡಿಸಿದ್ರಿ. ಅವನ ಮೊಮ್ಮಕ್ಕಳು ಸಾಲಿ ಕಲ್ತಾರಂತ. ಓದ್ತಾರಪ್ಪ ಅವು."

ಸಾಯಬಣ್ಣ ಹೊಸ್ತಿಲ ಹೊರಗೆ ನಮಗೆ ಬೆನ್ನು ಮಾಡಿ ನಿಂತಿದ್ದ. ತನ್ನ ಹುಟ್ಟು, ತಂದೆಯ ಸಾವು ಎರಡೂ ಒಂದೇ ದಿನದವು ಎಂದು ಅವನಿಗೆ ತಿಳಿದದ್ದು ಹಿಂದಿನ ಸಂಜೆ.

ಛಾಪಖಾನೆಗೆ ಮರಳಿದ ಮೇಲೆ ನಾನು ಚೌಕಾಸಿ ಸುರು ಮಾಡಿದೆ. ಐದು, ಆರನೇ ಫಾರಂ ಹೊಸದಾಗಿ ಜೋಡಿಸೋಣ, ಕಾಗದವೂ ನನ್ನದೇ, ನೀವು ಖರೇ ಏನಿದೆಯೋ ಅದನ್ನು ಬರೆದು ತರ್ರಿ ಎಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಖಾಜಾಮಿಯಾ ಕನ್ನಡಕ ತೆಗೆದು ನನ್ನನ್ನೇ ನೋಡಿದ. ಸಾಯಬಣ್ಣ ಒಪ್ಪಿ ಹೋದ. ಬೇಸಿಗೆ ಕಳೆಯುವವರೆಗೂ ವಾಡಿಯ ಬೆಂಚಿಗೆ ಹೋಗಿ ಕೂತ. ಒಂದು ಸಾಲೂ ಬರಲಿಲ್ಲ.

"ಸಿಟ್ಟಿನ ಮ್ಯಾಲ ಬರದಿದ್ದೆರಿ," ಅಂದ. "ಈಗ ಯಾರ ಮ್ಯಾಲ ಸಿಟ್ಟಾಗಲಿ? ಪೆನ್ನು ಹಿಡದ್ರ ಅವ್ವನ ಬ್ಯಾನಿ ಕೇಳಸ್ತದ."

ನನ್ನ ಕೈಯಲ್ಲಿ ಕೊನೆಯ ದರವೊಂದಿತ್ತು. ಮೊದಲ ಮೂರು ಫಾರಮ್ಮಿನಲ್ಲಿ ತಿಪ್ಪಣ್ಣನ ಸುದ್ದಿಯೇ ಇಲ್ಲ. ತಂದೆ ಮೂರು ತಿಂಗಳ ಕೂಸನ್ನು ಹರಗೋಲಿನಲ್ಲಿ ಕೂರಿಸಿಕೊಂಡು, ಹೊಳೆಯ ನೀರಲ್ಲಿ ಬೆರಳು ಅದ್ದಿ ಅದರ ತುಟಿಗೆ ಮುಟ್ಟಿಸುವ ಪುಟಗಳಿವೆ. ಅಚ್ಚು ಹಾಕುತ್ತ ಎಷ್ಟೋ ಪುಸ್ತಕ ಓದಿದ್ದೇನೆ. ಆ ಪುಟ ಬಂದಾಗ ಯಂತ್ರ ನಿಲ್ಲಿಸಿ ಓದಿದ್ದೆ. ಅಷ್ಟನ್ನೇ ಸಣ್ಣ ಪುಸ್ತಕ ಮಾಡೋಣ, ಯಾರಿಗೂ ಅದರಿಂದ ನೋವಿಲ್ಲ ಎಂದೆ. ಆಗ ಮಾತ್ರ ಅವನು ತುಸು ಅನುಮಾನಿಸಿದ. ಆ ಹಾಳೆ ಎತ್ತಿಕೊಂಡು ಬೆಳಕಿಗೆ ಹಿಡಿದ.

"ಇದೂ ಆಗಿಲ್ಲಲ್ಲರಿ ಸಾವಕಾರ್ರೆ. ನಮ್ಮಪ್ಪ ನನ್ನ ಮಾರಿನೇ ನೋಡಿಲ್ಲ."

ಕಾದಂಬರಿಯಲ್ಲಿ ಆಗದ್ದನ್ನು ಬರೆದರೆ ತಪ್ಪೇನು ಎಂದು ಕೇಳಬಹುದಿತ್ತು. ಬೇರೆ ಯಾರೇ ಆಗಿದ್ದರೂ ಕೇಳುತ್ತಿದ್ದೆ. ವ್ಯಾಪಾರದಲ್ಲಿ ಎದುರಿನವನಿಗೆ ಏನಾದರೂ ಬೇಕಾಗಿರಬೇಕು. ಆಗಲೇ ಮಾತು ಮುಂದುವರಿಯುತ್ತದೆ. ಅವನಿಗೆ ಏನೂ ಬೇಕಾಗಿರಲಿಲ್ಲ.

ಅಚ್ಚಾದ ಹಾಳೆಗಳನ್ನು ರದ್ದಿಗೆ ಹಾಕಬೇಡಿರೆಂದು ಕೇಳಿಕೊಂಡ. ಶೇಂಗಾ ಕಟ್ಟಿದ ಹಾಳೆಯಾದರೂ ಆ ಊರಿಗೆ ಹೋಗಬಾರದೆಂಬ ಭಯ. ಕಟಿಂಗ್ ಮಷೀನಿನ ಮುಂದೆ ತಾನೇ ನಿಂತು ಆರೂ ಫಾರಮ್ಮುಗಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದ. ಕೂಸಿನ ಪುಟವನ್ನು ಎಲ್ಲಕ್ಕಿಂತ ಮೊದಲು. ಆಮೇಲೆ ಅವನು ಖಣಿಯ ಚೀಟಿ ಬಿಟ್ಟು ಬೇರೇನೂ ಬರೆಯಲಿಲ್ಲ. ತಾಯಿ ಮಗ ಒಂದೇ ಮನೆಯಲ್ಲಿದ್ದರು. ಕಥೆ ಹೇಳುವುದು ನಿಂತಿತ್ತು.

ಆ ಮೇಲೆ ಕಾದಂಬರಿ ಹೊತ್ತು ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಪೂರ್ತಿ ಬರೆದು ತನ್ನಿ, ಯಾರ ಬದುಕಿನಿಂದ ತೆಗೆದಿದ್ದೀರೋ ಅವರಿಗೆ ಮೊದಲು ಓದಿ ಹೇಳಿ, ಆಮೇಲೆ ಮೊಳೆ ಜೋಡಿಸೋಣ. ಒಳ್ಳೆಯ ಸಲಹೆಯೇ. ಅದನ್ನು ಸಾಯಬಣ್ಣನಿಗೆ ಮೊದಲ ದಿನವೇ ಕೊಟ್ಟಿದ್ದರೆ ಏನು ಉಳಿಯುತ್ತಿತ್ತೆಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕಾಗದ ಮಾತ್ರ ಉಳಿಯುತ್ತಿತ್ತು.