ಕೊನೆಯ ಕೋಣೆಯ ಬಾಗಿಲಿನ ಕದಿರು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರಿಗೇ ಗೊತ್ತು. ಆದರೆ ಆ ಭಾನುವಾರ ನಾನು ಕೈ ಎತ್ತಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಬಂದ ಮೇಲೆ ಕೋಟದ ನಮ್ಮ ಮನೆಯ ಹಿಂದೆ ನಾಲ್ಕು ಬಾಡಿಗೆ ಕೋಣೆ ಕಟ್ಟಿಸಿದ್ದೆ. ಕೊನೆಯದರಲ್ಲಿ ಟೈಲ್ಸ್ ಹಾಕುವವನೊಬ್ಬ ಹೆಂಡತಿಯ ಜೊತೆ ಇದ್ದ. ಕೋಲ್ಕತ್ತದ ಕಡೆಯವರೆಂದು ಹೇಳಿ ಬಂದವರು. ಮೂರು ತಿಂಗಳಾದ ಮೇಲೆ ಅವನೇ ಬಾಯಿಬಿಟ್ಟ. ಅವರು ಗಡಿಯಾಚೆಯವರು, ಕಾಗದಪತ್ರ ಒಂದೂ ಇಲ್ಲ. ಹೊರಡಿ ಎನ್ನಬೇಕಿತ್ತು. ಆದರೆ ನಾನು ಮುಂಬಯಿಗೆ ಹೋದಾಗ ನನ್ನ ಹತ್ತಿರ ಯಾವ ಕಾಗದವಿತ್ತು? ಯಾವೂರು ಎಂದಷ್ಟೇ ಕೇಳಿ ಹೋಟೆಲಿನ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟಿದ್ದರು. ಇರಿ ಎಂದೆ.

ಹೊಸ್ತಿನ ಹಬ್ಬದ ದಿನ ಗದ್ದೆಯಿಂದ ತಂದ ಹೊಸ ಭತ್ತದ ತೆನೆಯನ್ನು, ನಾವು ಕದಿರು ಎನ್ನುತ್ತೇವೆ, ಮಾವಿನೆಲೆಯ ಜೊತೆ ನಾರಿನಲ್ಲಿ ಬಿಗಿದು ನಮ್ಮದೆನ್ನುವ ಎಲ್ಲದಕ್ಕೂ ಕಟ್ಟುವುದು ಕ್ರಮ. ಬಾಗಿಲಿಗೆ, ಬಾವಿಗೆ, ತೆಂಗಿನಮರಕ್ಕೆ, ಬೈಕಿಗೆ. ಬಾಡಿಗೆ ಕೋಣೆಗಳಿಗೆ ನಾನು ಕಟ್ಟುತ್ತಿರಲಿಲ್ಲ. ಆ ವರ್ಷ ಅವನ ಹೆಂಡತಿ ನಿಂತು ನೋಡುತ್ತಿದ್ದಳು, ನನ್ನ ಕೈಯಲ್ಲಿ ಒಂದು ಉಳಿದಿತ್ತು. ಅವರ ಬಾಗಿಲಿಗೂ ಕಟ್ಟಿದೆ. ಮಧ್ಯಾಹ್ನ ಹೊಸ ಅಕ್ಕಿಯ ಊಟಕ್ಕೂ ಕರೆದೆವು.

ಕೆಲಸ ಕೊಟ್ಟ ಕಂಟ್ರಾಕ್ಟರನ ಜೊತೆ ಅವನಿಗೆ ಜಗಳವಾಗಿ ಸುದ್ದಿ ಹೊರಬಿತ್ತು. ಭಾನುವಾರ ಬೆಳಗ್ಗೆ ಮೂವತ್ತು ನಲವತ್ತು ಜನ ಅಂಗಳಕ್ಕೆ ನುಗ್ಗಿದರು. ಅರ್ಧಕ್ಕರ್ಧ ಪರಿಚಯದವರೇ. ಹಾರೆಯಲ್ಲಿ ಮೀಟಿ ಬಾಗಿಲು ಮುರಿದರು. ಕೂದಲು ಹಿಡಿದು ಅವನನ್ನು ಎಳೆತಂದು ದೊಣ್ಣೆಯಲ್ಲಿ ಬಡಿದರು. ಮುರಿದ ಹಲ್ಲೊಂದು ನಮ್ಮ ತುಳಸಿಕಟ್ಟೆಯ ಬುಡಕ್ಕೆ ಬಂದು ಬಿತ್ತು. ಅಡ್ಡ ಬಂದ ಹೆಂಡತಿಯ ಬೆನ್ನಿಗೆ ಅವಳದೇ ಕುಕ್ಕರಿನಿಂದ ಹೊಡೆದರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮುದುಡಿ ಬಿದ್ದಿದ್ದ. ಅಷ್ಟರಲ್ಲಿ ಒಬ್ಬ ಬಾಗಿಲ ಮೇಲಿನ ಕದಿರು ಕಂಡು ನನ್ನತ್ತ ಕೈ ತೋರಿಸಿದ.

"ಹ್ವಾಯ್, ಇದ್ ಕಟ್ಟದ್ ಯಾರ್? ನಿಮ್ ಮನಿಯವ್ರಾ ಇವ್ರ್?"

ಎಲ್ಲರೂ ನನ್ನ ಕಡೆ ತಿರುಗಿದರು. ದೊಣ್ಣೆಗಳೂ ತಿರುಗಿದವು. ಗುಂಪು ಸರಿಸಿಕೊಂಡು ಹೋಗಿ ಮುದುಡಿ ಬಿದ್ದಿದ್ದವನ ಕಪಾಳಕ್ಕೆ ಬಾರಿಸಿದೆ. ಇನ್ನೊಂದು ಬಾರಿಸಿದೆ. ತುಟಿ ಒಡೆದು ರಕ್ತ ನನ್ನ ಅಂಗೈಗೆ ಹತ್ತಿತು. ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು.

ಪೊಲೀಸರು ಬಂದು ಅವರಿಬ್ಬರನ್ನೂ ನನ್ನನ್ನೂ ಒಂದೇ ಜೀಪಿನಲ್ಲಿ ಕೂರಿಸಿದರು. ನನ್ನ ಮೇಲೆ, ದಾಖಲೆಯಿಲ್ಲದ ವಿದೇಶಿಯರಿಗೆ ಗೊತ್ತಿದ್ದೂ ಆಶ್ರಯ ಕೊಟ್ಟ ಕೇಸು. ಸಾಬೀತಾದರೆ ವರ್ಷಗಟ್ಟಲೆ ಜೈಲು. ಮಹಜರಿನಲ್ಲಿ ಆ ಕದಿರನ್ನೂ ಬರೆದುಕೊಂಡರು. ಬಾಡಿಗೆಯವರು, ಮುಖಪರಿಚಯವೂ ಇಲ್ಲ ಎಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿತು. ನನ್ನ ವಕೀಲರು ವಿಡಿಯೊ ನೋಡಿದ ಮೇಲೆ ಮಾತ್ರ ಸ್ವಲ್ಪ ನಕ್ಕರು.

"ಕದ್ರ್ ನಿಮ್ಮನ್ ಒಳ್ಗ್ ಹಾಕತ್, ಈ ಪೆಟ್ಟ್ ಹೊರ್ಗ್ ತತ್ತ್. ಸತ್ಯ ಗೊತ್ತಾದ್ ಕೂಡ್ಲೆ ಹೊಡ್ದೆ ಅಂದ್ ಹೇಳಿ, ಸಾಕ್."

ಹಾಗೆಯೇ ಹೇಳಿದೆ. ಥೂ, ನನ್ನ ಜನ್ಮಕ್ಕಿಷ್ಟು. ಪೊಲೀಸರ ಮುಂದೆ ಅವನೂ, ಯಜಮಾನರಿಗೆ ಏನೂ ತಿಳಿಯದು, ನಾನೇ ಸುಳ್ಳು ಹೇಳಿದ್ದೆ ಎಂದು ಬರೆಸಿದ್ದನಂತೆ, ಯಾರೂ ಕೇಳದೆ. ನನಗೆ ಕುಂದಾಪುರದ ಕೋರ್ಟಿನಲ್ಲಿ ಜಾಮೀನಾಯಿತು. ಗಂಡಹೆಂಡತಿ ಇನ್ನೂ ಒಳಗಿದ್ದಾರೆ. ಕೇಸು ನಡೆಯುತ್ತಿದೆ.

ಜಾಮೀನಾದ ದಿನ ವಕೀಲರ ಆಫೀಸಿನಲ್ಲಿ ಕೂತು ಆ ವಿಡಿಯೊ ಮೊದಲಿನಿಂದ ನೋಡಿದೆ. ಅಷ್ಟು ಹೊತ್ತು ಪೆಟ್ಟು ಬಿದ್ದರೂ ಅವನು ಮುಖದಿಂದ ಕೈ ತೆಗೆಯುವುದಿಲ್ಲ. ಗುಂಪು ಸರಿಸಿಕೊಂಡು ನಾನು ಬರುತ್ತೇನೆ. ನನ್ನನ್ನು ಕಂಡದ್ದೇ ಎರಡೂ ಕೈ ಕೆಳಗಿಳಿಸಿ ಮುಖ ಎತ್ತುತ್ತಾನೆ. ಬಿಡಿಸಲು ಬಂದೆ ಎಂದುಕೊಂಡಿದ್ದಾನೆ. ನಾನು ಹೊಡೆದದ್ದು ಆಮೇಲೆ.