ಭಿನ್ನವಾದ ಕೀಬೋರ್ಡ್

ಕೆತ್ತುವಾಗ ಮೂರ್ತಿಯ ಕಿರುಬೆರಳ ತುದಿ ಹಾರಿಹೋದರೂ ಅದು ಭಿನ್ನ. ಅಂಥದ್ದು ಗುಡಿಗೆ ಹೋಗುವುದಿಲ್ಲ, ಶೆಡ್ಡಿನ ಹಿಂದಕ್ಕೆ ಹೋಗುತ್ತದೆ. ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಿಲ್ಲ. ಮಾತಿನಲ್ಲಿ ನಾವು ‘ಬಿನ್ನ’ ಎನ್ನುತ್ತೇವೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು. ಹೊಟ್ಟೆ ಸೀಳಿದ ಅಕ್ಷರಗಳಿಗೂ ನನಗೂ ಅಷ್ಟಕ್ಕಷ್ಟೆ.

ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗಳ ಮಗಳು ಹುಟ್ಟಿದಾಗ ಅವಳ ಬಲಗೈಯಲ್ಲಿ ಬೆರಳುಗಳಿರಲಿಲ್ಲ. ಮಣಿಕಟ್ಟು ಇತ್ತು, ಅದರ ಮುಂದೆ ಎಳೆ ಬದನೆಕಾಯಿಯಷ್ಟು ಅಂಗೈ, ಅಷ್ಟೇ. ಮಗು ನೋಡಲು ಬಂದ ಹೆಂಗಸೊಬ್ಬಳು ತೊಟ್ಟಿಲ ಪಕ್ಕ ನಿಂತು, “ಅಯ್ಯೋ, ಬಿನ್ನ ಆಗೋಯ್ತಲ್ಲಾ” ಎಂದಳು.

“ಬಿನ್ನ ಆಗೋದು ಕಲ್ಲು ಕಣಮ್ಮ. ಇದು ಅಳ್ತೈತೆ ನೋಡು, ಕಿವಿಗೆ ಬೀಳ್ತಿಲ್ವಾ?” ಎಂದೆ.

ಅವಳು ಕಾಫಿ ಕುಡಿಯದೆ ಎದ್ದು ಹೋದಳು. ನನ್ನ ಹೆಂಡತಿ ಆ ಕಾಫಿಯನ್ನು ನನಗೇ ಕೊಟ್ಟಳು.

ಅಂದಿನಿಂದ ಇಂದಿನವರೆಗೆ ಆ ಮಗುವಿನ ವಿಷಯದಲ್ಲಿ ನಾನು ಊರಿನ ಜೊತೆ ಜಗಳ ಆಡುತ್ತಲೇ ಬಂದಿದ್ದೇನೆ. ಅವಳೂ ಏನು ಕಮ್ಮಿಯಲ್ಲ. ಎಡಗೈಯೊಂದರಲ್ಲೇ ಸೈಕಲ್ ಕಲಿತಳು, ಜಡೆ ಹೆಣೆದುಕೊಳ್ಳುವುದನ್ನು ಕಲಿತಳು, ಕೋಲಾರದಲ್ಲಿ ಅಮ್ಮನ ಜೊತೆ ಇದ್ದುಕೊಂಡು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಆಮೇಲೆ ನರಸಾಪುರದ ಒಂದು ಫ್ಯಾಕ್ಟರಿಯ ಸ್ಟೋರ್ಸ್ ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಿದಳು. ಎಲ್ಲ ಸರಿಯಿತ್ತು, ಒಂದು ಟೈಪಿಂಗ್ ಪರೀಕ್ಷೆ ಬಾಕಿ. ಒಂದು ಪುಟ ಕನ್ನಡವನ್ನು ಹತ್ತು ನಿಮಿಷದಲ್ಲಿ ಬೆರಳಚ್ಚು ಮಾಡಬೇಕು. ಅಲ್ಲಿನ ಅಧಿಕಾರಿ ಇವಳ ಕೈ ನೋಡಿದವರೇ, “ಎರಡು ಕೈ ಇರೋರೇ ಒದ್ದಾಡ್ತಾರಮ್ಮ. ನೀನು ಬೇರೆ ಏನಾದ್ರೂ ನೋಡ್ಕೋ” ಎಂದರಂತೆ.

“ನನ್ನ ಕೀಬೋರ್ಡ್ ನಾನೇ ತಂದ್ರೆ ಆಗುತ್ತಾ ಸಾರ್?” ಎಂದು ಇವಳು ಕೇಳಿದ್ದಾಳೆ.

“ಪ್ಲಗ್ಗಿಗೆ ಹೋಗೋದಾದ್ರೆ ಯಾವುದಾದ್ರೂ ತಗೊಂಬಾ” ಎಂದಿದ್ದಾರೆ, ಮಾತು ಮುಗಿದರೆ ಸಾಕು ಎನ್ನುವ ಹಾಗೆ. ಪರೀಕ್ಷೆಗೆ ಇಪ್ಪತ್ತು ದಿನ ಇತ್ತು.

ಆ ಭಾನುವಾರ ನಮ್ಮ ಮನೆಗೆ ಬಂದು ಇಷ್ಟೂ ಹೇಳಿದಳು. ಮಾಮೂಲಿ ಕೀಬೋರ್ಡಿನಲ್ಲಿ ಹತ್ತು ನಿಮಿಷಕ್ಕೆ ಅರ್ಧ ಪುಟ ಮಾತ್ರ ಆಗುತ್ತಿತ್ತು. ಜೊತೆಗೆ ತಂದಿದ್ದರಲ್ಲಿ ನನ್ನೆದುರಿಗೇ ಹೊಡೆದು ತೋರಿಸಿದಳು. ಊಟದ ಎರಡು ಪಂಕ್ತಿಗೆ ಒಬ್ಬಳೇ ಬಡಿಸುವವಳ ಹಾಗೆ ಆ ಎಡಗೈ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲವಾಗಿ ಹಾಳು ಹಲಗೆಯೂ ಜಾರುತ್ತಿತ್ತು.

“ಇದು ಯಾವನ ಕೈಗೆ ಮಾಡಿದ್ದು?” ಎಂದು ಕೇಳಿದೆ.

“ಹಂಗೆ ಕೇಳು ತಾತ” ಎಂದವಳೇ ಮೊಬೈಲ್ ತೆಗೆದಳು.

ಅದರಲ್ಲಿ ಅವಳು ತೋರಿಸಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಮುರಿದ ರೊಟ್ಟಿಯ ಹಾಗೆ ಎರಡು ಹೋಳಾದ ಕೀಬೋರ್ಡು, ಒಂದು ಹೋಳು ಒಂದು ಕೈಗೆ. ಗುಂಡಿಗಳೆಲ್ಲ ಬಟ್ಟಲಿನೊಳಗೆ ಕೂತಿರುವ ಕೀಬೋರ್ಡು. ಸೀಬೆಹಣ್ಣಿನಂತೆ ಅಂಗೈಯಲ್ಲಿ ಹಿಡಿಯುವುದೊಂದು, ಅದಕ್ಕೆ ಐದೋ ಆರೋ ಗುಂಡಿ, ಎರಡು ಮೂರನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಇನ್ನೊಂದರಲ್ಲಿ ಗುಂಡಿಯೇ ಇಲ್ಲ, ಮೇಜಿನ ಮೇಲೆ ಬೀಳುವ ಬೆಳಕನ್ನೇ ಬೆರಳಲ್ಲಿ ಕುಟ್ಟಬೇಕು. ನನಗೆ ಎಷ್ಟು ಖುಷಿಯಾಯಿತೆಂದರೆ ತೊಡೆ ತಟ್ಟಿಕೊಂಡು ನಕ್ಕೆ. ಕೊಟ್ಟಿದ್ದನ್ನು ಸುಮ್ಮನೆ ತೆಗೆದುಕೊಳ್ಳದೆ ‘ಇದು ನನ್ನ ಕೈಗೆ ಆಗಲ್ಲ’ ಎಂದು ತಿರುಗಿ ನಿಂತವರು ಲೋಕದಲ್ಲಿ ಇಷ್ಟು ಜನ ಇದ್ದಾರಲ್ಲ!

“ಇವರೆಲ್ಲ ನಿನ್ನಂಗೇ ಜಗಳಗಂಟರು ಕಣೇ” ಎಂದೆ.

“ನಿನ್ನಂಗೆ ಅನ್ನು. ತಾತ, ಈ ಬಟ್ಟಲಿಂದು ಬೇಕು ನಂಗೆ, ಎಡಗೈಗೆ ಮಾತ್ರ. ತರಿಸೋಕೆ ತಿಂಗಳಾನುಗಟ್ಟಲೆ ಆಗುತ್ತೆ. ಸ್ವಿಚ್ಚು, ಬೋರ್ಡು, ವೈರು ಎಲ್ಲ ಮಾಲೂರಿಗೆ ಕೊರಿಯರಲ್ಲಿ ಬರುತ್ತೆ, ಸೋಲ್ಡರಿಂಗ್ ನಾನು ಮಾಡ್ಕೋತೀನಿ. ನೀನು ಮರದಲ್ಲಿ ಒಂದು ಬಟ್ಟಲು ಮಾಡ್ಕೊಡ್ತೀಯಾ?”

“ಹದಿನೆಂಟು ಕೈ ದೇವಿಗೆ ಹದಿನೆಂಟೂ ಕೆತ್ತಿ ಕೊಟ್ಟೋನು ನಾನು. ನಿಂದು ಒಂದು ಕೈಗೆ ಆಗಲ್ಲ ಅಂತೀನಾ? ಮರ ಯಾಕೆ, ಮರ ಜಾರ್ತದೆ. ಕಲ್ಲಲ್ಲಿ ಮಾಡ್ತೀನಿ.”

ಬಳಪದ ಕಲ್ಲು ಮೆತ್ತಗಿನದು, ಉಳಿಗೆ ಹಟ ಮಾಡುವುದಿಲ್ಲ. ಮೇಜಿನ ಮೇಲಿಟ್ಟರೆ ಕದಲುವುದೂ ಇಲ್ಲ. ನಾನು ಮೂರು ಕ್ಲಾಸು ಅಕ್ಷರ ತಿದ್ದಿದ್ದೂ ಆ ಕಲ್ಲಿನ ಕಡ್ಡಿಯಲ್ಲೇ. ಅವಳು ಎಡಗೈಯನ್ನು ಅಂಗೈ ಕೆಳಗಾಗಿ ಕಾಗದದ ಮೇಲೆ ಊರಿದಳು, ಅವಳಜ್ಜಿ ಸುತ್ತ ಪೆನ್ಸಿಲ್ ಎಳೆದಳು. ಯಾವ ಬೆರಳಿಗೆ ಎಲ್ಲೆಲ್ಲಿ ತೂತು ಬೇಕೆಂದು ಗುರುತು ಹಾಕಿ, ಕಾಗದವನ್ನು ಬಿಟ್ಟು ಮೊಮ್ಮಗಳು ಕೋಲಾರಕ್ಕೆ ಹೋದಳು.

ಈಗ ನನ್ನ ತಪ್ಪು ಹೇಳಬೇಕು. ಮುಚ್ಚಿಡುವುದಿಲ್ಲ.

ನಾವು ಕೆತ್ತುವ ಮೂರ್ತಿ ನಮ್ಮ ಕಡೆ ಮುಖ ಮಾಡಿ ನಿಂತಿರುತ್ತದೆ. ಅದರ ಅಂಗೈಯೂ ನಮ್ಮ ಕಡೆಗೇ. ಅಭಯ ಕೊಡುವ ಬಲಗೈಯ ಹೆಬ್ಬೆರಳು ಕೆತ್ತುವವನಿಗೆ ಬಲಕ್ಕೆ ಕಾಣುತ್ತದೆ. ಅರವತ್ತು ವರ್ಷದಿಂದ ನನ್ನ ಕಣ್ಣಿಗೆ ಕೈ ಎಂದರೆ ಹಾಗೆ. ಕಾಗದ ನೋಡಿದೆ, ಹೆಬ್ಬೆರಳು ಬಲಕ್ಕಿತ್ತು. ಇದು ಬಲಗೈಯಲ್ಲವೇ? ಮಗುವಿಗೆ ಬೇಕಾಗಿರುವುದು ಎಡಗೈಯಲ್ಲವೇ? ಅವಸರದಲ್ಲಿ ಕಾಗದವನ್ನು ಹಿಂದುಮುಂದು ಮಾಡಿ ಕೊಟ್ಟಿದ್ದಾಳೆ ಎಂದುಕೊಂಡು, ಅದನ್ನು ಬಿಸಿಲಿಗೆ ಹಿಡಿದು, ಮಗುಚಿ, ಹಿಂಬದಿಯಿಂದ ಗೆರೆ ಎಳೆದುಕೊಂಡೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಹತ್ತು ದಿನ ಕೂತು ಬಟ್ಟಲು ತೋಡಿದೆ, ತೂತು ಕೊರೆದೆ, ಗಾಜಿನ ಹಾಗೆ ನಯ ಮಾಡಿದೆ.

ಅವಳು ಬಂದಳು. ಕಲ್ಲು ನೋಡಿ ಕಣ್ಣರಳಿಸಿದಳು. ಕೈ ಇಟ್ಟಳು. ಹೆಬ್ಬೆರಳು ಬರೀ ಕಲ್ಲಿನ ಮೇಲೆ ಕೂತಿತು. ಹೆಬ್ಬೆರಳಿನ ಜಾಗದಲ್ಲಿ ಕಿರುಬೆರಳು ತಡಕಾಡುತ್ತಿತ್ತು. ನಾನು ಮಾಡಿದ್ದು ಬಲಗೈಗೆ. ಅವಳಿಗೆ ಯಾವ ಕೈಯಲ್ಲಿ ಬೆರಳಿಲ್ಲವೋ ಆ ಕೈಗೆ.

ನನ್ನ ಹೆಂಡತಿ ಮುಳಬಾಗಿಲಿನ ತಾಯಲೂರು ಕಡೆಯವಳು, ಕೋಪ ಬಂದರೆ ತೆಲುಗಿಗೆ ತಿರುಗುತ್ತಾಳೆ. “ಚಾಲು ಸಾಮೀ ಮೀ ಪನಿತನಂ!” ಎಂದಳು. ಸಾಕು ಸ್ವಾಮಿ ನಿಮ್ಮ ಕೈಚಳಕ ಎಂದು. ಆಮೇಲೆ ಕನ್ನಡದಲ್ಲಿ, “ದೇವರಿಗೆ ಮಾಡಿದ್ದೀರ, ಮಗೂಗಲ್ಲ” ಎಂದಳು.

ಇನ್ನು ಒಂಬತ್ತು ದಿನ ಉಳಿದಿತ್ತು. ನಾನು ಕಲ್ಲು ಎತ್ತಿಕೊಂಡು ಬಾಗಿಲಿಗೆ ಹೋದೆ.

“ಎಲ್ಲಿಗೆ ತಾತ?”

“ಶೆಡ್ ಹಿಂದಕ್ಕೆ. ಬಿನ್ನ ಆಯ್ತಲ್ಲಮ್ಮ.”

“ಕೊಡು ಇಲ್ಲಿ!”

ಆ ದನಿ ಕೇಳಿ ನಾನು ನಿಂತೇಬಿಟ್ಟೆ. ತೊಟ್ಟಿಲ ಪಕ್ಕ ನಾನು ಎತ್ತಿದ ದನಿಯೇ ಅದು. ಅವಳು ಕಲ್ಲನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಆಮೇಲೆ, ಬಸ್ಸಿನಲ್ಲಿ, ಕಾಲೇಜಿನಲ್ಲಿ ಸದಾ ದುಪಟ್ಟದ ಕೆಳಗಿರುವ ಆ ಬಲಗೈಯನ್ನು ಹೊರಗೆ ತೆಗೆದು ಬಟ್ಟಲಿನೊಳಗೆ ಇಳಿಸಿದಳು. ಗೂಡಿನಲ್ಲಿ ಮೊಟ್ಟೆ ಕೂತ ಹಾಗೆ ಕೂತಿತು.

“ಒಂಟಿ ಕೈಯವರಿಗೆ ಅಂತ ಮಾಡ್ತಾರಲ್ಲ ಕೀಬೋರ್ಡು, ಅದರಲ್ಲೂ ಈ ಕೈಗೆ ಕೆಲಸ ಇಲ್ಲ ತಾತ. ಇದು ಇಲ್ಲವೇ ಇಲ್ಲ ಅಂತಾನೇ ಮಾಡಿರ್ತಾರೆ. ನಾನೂ ಹಂಗೇ ಅಂದ್ಕೊಂಡಿದ್ದೆ” ಎಂದಳು. “ಇದರಲ್ಲಿ ಒಂದೇ ಒಂದು ಗುಂಡಿ ಇಡು. ದೊಡ್ಡದು, ಇಷ್ಟಗಲ.”

ಆ ಒಂದು ಗುಂಡಿ ಏನು ಮಾಡುತ್ತದೆಂದು ನನಗೆ ಬಿಡಿಸಿ ಹೇಳಿದಳು. ಎಡಗೈ ಬಟ್ಟಲಿನಲ್ಲಿ ಇಪ್ಪತ್ತಮೂರು ಗುಂಡಿ, ಅಷ್ಟಕ್ಕೆ ಎಲ್ಲ ಅಕ್ಷರ ಬರುವುದಿಲ್ಲ. ಬಲಗಡೆಯ ದೊಡ್ಡದನ್ನು ಒತ್ತಿ ಹಿಡಿದುಕೊಂಡರೆ ಆ ಇಪ್ಪತ್ತಮೂರೂ ಬೇರೆ ಅಕ್ಷರಗಳಾಗಿಬಿಡುತ್ತವೆ. ಕ ಎನ್ನುವುದು ಖ ಆಗುತ್ತದೆ, ತ ಎನ್ನುವುದು ಥ ಆಗುತ್ತದೆ. ಅದನ್ನೂ ಎಡಗೈ ಹೆಬ್ಬೆರಳಲ್ಲೇ ಒತ್ತಬೇಕೆಂದು ಅವಳು ಮೊದಲು ಲೆಕ್ಕ ಹಾಕಿದ್ದು. ಅದರಿಂದಲೇ ನಿಧಾನವಾದೀತೆಂಬ ಭಯವೂ ಅವಳಿಗಿತ್ತಂತೆ. ಈಗ ಅರ್ಧ ಅಕ್ಷರಮಾಲೆಯ ಯಜಮಾನಿಕೆ ಬಲಗೈಗೆ!

ಎರಡನೇ ಕಲ್ಲಿಗೆ ನಾನು ಕಾಗದ ಮುಟ್ಟಲಿಲ್ಲ. ಮೂರ್ತಿಯ ಅಳತೆಯನ್ನು ನಾವು ಅಡಿಕೋಲಿನಿಂದ ತೆಗೆಯುವುದಿಲ್ಲ. ಆ ಮೂರ್ತಿಯ ಮುಖ ಎಷ್ಟುದ್ದವೋ ಅದೇ ಅಳತೆ, ಉಳಿದ ಮೈಯೆಲ್ಲ ಅದರಿಂದ ಹುಟ್ಟಬೇಕು. ಇಷ್ಟು ಗೊತ್ತಿದ್ದೂ ಮೊದಲ ಸಲ ಕಾಗದ ನಂಬಿದ್ದೆನಲ್ಲ. ಈ ಸಲ ಅವಳ ಕೈಯನ್ನೇ ಕಲ್ಲಿನ ಮೇಲೆ ಇರಿಸಿಕೊಂಡು, ಅವಳ ನಡುಬೆರಳ ಗೆಣ್ಣನ್ನೇ ಅಳತೆ ಮಾಡಿಕೊಂಡು ಕೆತ್ತಿದೆ. ನಾನು ಕಲ್ಲು ಎತ್ತಿದಾಗೆಲ್ಲ ಹೆಂಡತಿ ಒಳಗಿನಿಂದ, “ಮಗುಚಬೇಡಿ!” ಎಂದು ಕೂಗುತ್ತಿದ್ದಳು. ದೋಸೆ ಹುಯ್ಯುತ್ತಿದ್ದರೂ ಕೂಗುತ್ತಿದ್ದಳು.

ಐದು ದಿನಕ್ಕೆ ಮುಗಿಸಿದೆ. ಸೋಲ್ಡರಿಂಗ್ ಮಾಡಲು ಇವಳಿಗೆ ವೈರು ಹಿಡಿದುಕೊಡುವವರು ಬೇಕಿತ್ತು. ಅಜ್ಜಿಯೇ ಚಿಮಟ ಹಿಡಿದು ಕೂತಳು.

“ಕೈ ನಡುಗಿಸಬೇಡ ಅಜ್ಜಿ.”

“ಐವತ್ತು ವರ್ಷ ನಿಮ್ಮ ತಾತನ್ನ ಸಂಬಾಳಿಸಿರೋ ಕೈ ಕಣೇ ಇದು, ನಡುಗಲ್ಲ.”

ಉಳಿದ ನಾಲ್ಕು ದಿನ ಅಭ್ಯಾಸ. ಬೆಳಗ್ಗೆ ಕಲ್ಲು ತಣ್ಣಗಿರುತ್ತದೆ, ಬೆರಳು ಬಗ್ಗುವುದಿಲ್ಲ ಎಂದಳು ಮೊಮ್ಮಗಳು. ಅಜ್ಜಿ ಎರಡೂ ಕಲ್ಲನ್ನು ಹಪ್ಪಳದ ಪಕ್ಕ ಬಿಸಿಲಿಗಿಟ್ಟು ಕಾಯಿಸಿ ಕೊಡುತ್ತಿದ್ದಳು. ಮೊದಲ ದಿನ ಕಾಲು ಪುಟವೂ ಆಗಲಿಲ್ಲ. ಕೊನೆಯ ದಿನ ಗಡಿಯಾರ ನೋಡಿದರೆ ಪೂರ್ತಿ ಪುಟಕ್ಕೆ ಹನ್ನೊಂದು ನಿಮಿಷ. ಇನ್ನೂ ಒಂದು ನಿಮಿಷ ಹೆಚ್ಚು.

ಪರೀಕ್ಷೆಯ ದಿನ ಎರಡು ಕಲ್ಲನ್ನೂ ಟವೆಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ನಾನೂ ಮೊಮ್ಮಗಳೂ ನರಸಾಪುರಕ್ಕೆ ಹೋದೆವು. ಶಿಫ್ಟು ಬಿಡುವ ಹೊತ್ತು, ಕಂಪನಿ ಬಸ್ಸುಗಳ ಸಾಲು. ಗೇಟಿನ ಸೆಕ್ಯುರಿಟಿಯವನು ಬುಟ್ಟಿ ಎತ್ತಿ ನೋಡಿ, “ಏನ್ ತಾತ, ಒಳಗೆ ಗುಡಿ ಕಟ್ತೀರಾ?” ಎಂದ.

“ಹೂಂ ಕಣಪ್ಪ, ಪೂಜೆಗೆ ನೀನೂ ಬಾ” ಎಂದೆ.

ಅದೇ ಅಧಿಕಾರಿ. ಕಲ್ಲು ನೋಡಿ, ವೈರು ನೋಡಿ, ನನ್ನನ್ನು ನೋಡಿದರು. “ಇದೇನಮ್ಮ ಇದು? ಎಲ್ಲರಿಗೂ ಒಂದೇ ಥರ ಕೀಬೋರ್ಡ್ ಇಟ್ಟಿದ್ದೀವಿ. ಒಬ್ಬೊಬ್ಬರಿಗೆ ಒಂದೊಂದು ಅಂದ್ರೆ ಹೆಂಗೆ?”

ಸುಮ್ಮನಿರಬೇಕೆಂದು ಬಸ್ಸಿನಲ್ಲಿ ಮಾತು ಕೊಟ್ಟಿದ್ದೆ. ಆಗಲಿಲ್ಲ. “ಸಾರ್, ನಿಮ್ಮ ಟೇಬಲ್ ಮೇಲಿರೋದು ಯಾರ ಕೈ ಅಳತೆದು?”

“ಎಲ್ಲರ ಕೈಗೂ ಆಗುತ್ತೆ ಯಜಮಾನರೇ.”

“ಎಲ್ಲರ ಕೈ ಅಂತ ಒಂದು ಕೈ ಇದ್ರೆ ತೋರಿಸಿ ಸಾರ್, ಅಳ್ಕೊಂಡು ಹೋಗ್ತೀನಿ. ಅರವತ್ತು ವರ್ಷ ಕೆತ್ತಿದ್ದೀನಿ, ಅಂಥ ಕೈ ಒಂದೂ ಸಿಕ್ಕಿಲ್ಲ.”

“ತಾತ!” ಎಂದು ಮೊಮ್ಮಗಳು ನನ್ನ ತೋಳು ಹಿಡಿದಳು. ಆಮೇಲೆ ತಾನೇ ಮುಂದೆ ಹೋಗಿ, ದುಪಟ್ಟ ಸರಿಸಿ, ಎರಡು ಕೈಯನ್ನೂ ಅವರ ಮೇಜಿನ ಮೇಲೆ ಇಟ್ಟಳು. “ಪ್ಲಗ್ಗಿಗೆ ಹೋಗೋದಾದ್ರೆ ತಗೊಂಬಾ ಅಂದಿದ್ರಿ ಸಾರ್. ಹೋಗುತ್ತೆ. ಹತ್ತು ನಿಮಿಷ ಕೊಡಿ. ಹನ್ನೊಂದು ಕೇಳಲ್ಲ.”

ಅವರು ಆ ಬಲಗೈಯನ್ನು ನೋಡಿದರು. ಕುರ್ಚಿ ತೋರಿಸಿದರು.

ನನ್ನನ್ನು ಗಾಜಿನ ಬಾಗಿಲಿನ ಹೊರಗೆ ಕೂರಿಸಿದರು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಆದರೆ ಕೇಳಿಸುತ್ತಿತ್ತು. ಬೇರೆ ಮೇಜುಗಳಿಂದ ಪ್ಲಾಸ್ಟಿಕ್ಕಿನ ಕಿಚಪಿಚ. ಇವಳದು ಟಕಟಕ ಎಂದು ಗಟ್ಟಿ ಸದ್ದು, ನಡುನಡುವೆ ಬಲಗೈಯದು ಒಂದು ಧಕ್. ಕೆತ್ತುವಾಗ ಉಳಿಯ ಸದ್ದಿನಲ್ಲೇ ಕೆಲಸ ಹೇಗೆ ಸಾಗುತ್ತಿದೆ ಎಂದು ನಮಗೆ ತಿಳಿಯುತ್ತದೆ. ತಡವರಿಸುವವನ ಏಟು ಬೇರೆ, ಕಲ್ಲು ಒಲಿದವನ ಏಟು ಬೇರೆ. ಮೊದಲು ತಡವರಿಸಿದಳು. ಒಂದು ಸಲ ಪೂರ್ತಿ ನಿಂತೇ ಹೋಯಿತು. ನಾನು ಬಾಗಿಲ ಹಿಡಿಗೆ ಕೈ ಹಾಕಿಬಿಟ್ಟಿದ್ದೆ. ಮತ್ತೆ ಶುರುವಾಯಿತು. ಟಕಟಕ, ಧಕ್. ಟಕಟಕಟಕ, ಧಕ್. ಒಲಿಯಿತು, ಒಲಿಯಿತು ಎಂದು ನಾನು ಅಲ್ಲೇ ಗೊಣಗುತ್ತಿದ್ದೆ.

ಗಂಟೆ ಹೊಡೆಯುವ ಮೊದಲೇ ಅವಳ ಸದ್ದು ನಿಂತಿತು. ಅಧಿಕಾರಿ ಕಾಗದ ಹಿಡಿದು ಹೊರಗೆ ಬಂದರು.

“ಪುಟ ಮುಗಿದಿದೆ. ಮೂರು ತಪ್ಪಿದೆ” ಎಂದರು.

“ನಂದು ಒಂದೇ ತಪ್ಪು ಸಾರ್. ಅದು ಅವಳ ಬಲಗೈ ಕೆಳಗೈತೆ” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಮೂರು ತಪ್ಪಿಗೆ ಅವಕಾಶ ಇದೆಯಂತೆ. ಮುಂದಿನ ತಿಂಗಳಿಂದ ಬರಬೇಕೆಂದರು.

ಬಸ್‌ಸ್ಟಾಪಿನಲ್ಲಿ ನಾನು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳಿದೆ. ಮೈಸೂರುಪಾಕು ಕೊಂಡೆ. ತೊಟ್ಟಿಲ ಪಕ್ಕ ನಿಂತು ಬಿನ್ನ ಎಂದಿದ್ದವಳ ಮನೆಗೆ ಮೊದಲು ಹೋಗಿ ಕೊಟ್ಟೆ. ಎರಡು ಕೊಟ್ಟೆ. ಅವಳು ತಿಂದಳು, ತಿಂದು ಮುಗಿಸುವವರೆಗೆ ನಾನು ನಿಂತು ನೋಡಿದೆ.

ಇದನ್ನೆಲ್ಲ ನಾನು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದೆ. ಭಾನುವಾರ ರಜೆಗೆ ಬಂದ ಮೊಮ್ಮಗಳು ಅದೇ ಕಲ್ಲಿನಲ್ಲಿ ಟೈಪು ಮಾಡುತ್ತ, ಮೊದಲ ಸಾಲಿಗೇ ನಿಂತಳು.

“ತಾತ, ಬಿನ್ನ ಅಲ್ಲ ಇದು. ಹೊಟ್ಟೆ ಸೀಳಬೇಕು. ಭಿನ್ನ.”

“ಬಿನ್ನ ಅಂದ್ರೇನೇ ಆಯ್ತಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?”

“ಬ ಎಡಗೈ ಒಂದರಲ್ಲೇ ಬರುತ್ತೆ. ಭ ಬೇಕು ಅಂದ್ರೆ ಇದು ಬೇಕು” ಎಂದು ಬಲಗೈಯನ್ನು ನನ್ನ ತಪ್ಪಿನ ಬಟ್ಟಲಿಗೆ ಇಳಿಸಿ ಒತ್ತಿದಳು. ಧಕ್.

“ಇನ್ನೊಂದ್ಸಲ ಹೊಡಿ” ಎಂದೆ.