ಎಡಗಡೆ ಸೀಟಿನ ಏರ್‌ಬ್ಯಾಗ್

ನನ್ನ ಹೆಂಡತಿಯ ಬಲಗಣ್ಣು ಹೋದದ್ದು ನನ್ನಿಂದ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮೊದಲ ಕಾರು ಕೊಂಡಾಗ ಪೂಜೆ ಮಾಡಿಸಿದೆವು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಡ್ಯಾಶ್‌ಬೋರ್ಡಿನ ಮೇಲೆ ದೇವರಿಲ್ಲದ ಕಾರು ನಮ್ಮ ಕಡೆ ಇಲ್ಲವೇ ಇಲ್ಲ. ನಾನೂ ಒಂದು ಹಿತ್ತಾಳೆ ಗಣಪನನ್ನು ತಂದು, ಎಡಗಡೆ ಸೀಟಿನ ಎದುರು ಜಾಗ ಸಮತಟ್ಟಾಗಿದೆ ಎಂದು ಅಲ್ಲೇ ಅಂಟಿಸಿದೆ. ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಅಕ್ಷರಗಳು ಗಣಪನ ಪೀಠದ ಅಡಿಗೆ ಹೋದವು. ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ, ಯಂತ್ರದ ಮೇಲಿನ ಎಚ್ಚರಿಕೆ ಓದದವರನ್ನೆಲ್ಲ ವರ್ಷಗಟ್ಟಲೆ ಬೈದ ಮಹಾನುಭಾವ ನಾನು.

ಬೇತಮಂಗಲದ ದಾರಿಯಲ್ಲಿ ಮುಂದಿದ್ದ ಟ್ರ್ಯಾಕ್ಟರಿಗೆ ಗುದ್ದಿದ ದಿನ ಬ್ಯಾಗು ಉಬ್ಬಿ ಸಿಡಿಯಿತು, ಗಣಪನನ್ನು ಅವಳ ಮುಖಕ್ಕೆ ಎಸೆಯಿತು. ನನಗೆ ತರಚು ಗಾಯವೂ ಆಗಲಿಲ್ಲ. ದೇವರು ದೊಡ್ಡವನು, ಜೀವ ಉಳಿಯಿತು ಎಂದು ಆಸ್ಪತ್ರೆಗೆ ಬಂದವರು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಆ ಕಾರು ಗುಜರಿಗೆ ಹೋಯಿತು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಣ್ಣಾಸ್ಪತ್ರೆಗೆ ಹೋಗಬೇಕಲ್ಲ, ಸ್ಟೇಷನ್ನಿನವರೆಗಾದರೂ ಇರಲಿ ಎಂದು ಇನ್ನೊಂದು ಹಳೆಯ ಕಾರು ತಂದೆ. ಮೊದಲ ದಿನವೇ ಅವಳು ಹಿಂದಿನ ಬಾಗಿಲು ತೆಗೆದು ಸೀಟಿನ ನಟ್ಟನಡುವೆ ಕೂತಳು. ಮುಂದೆ ಬಾ ಎಂದರೆ, "ಇಲ್ಲೇ ಇರ್ತೀನಿ ಬುಡಿ" ಎನ್ನುತ್ತಿದ್ದಳು. ಎರಡು ವರ್ಷ ಹಾಗೇ ಕಳೆಯಿತು. "ಏನಕ್ಕಾ, ಡ್ರೈವರ್ ಮಡಗಿದ್ದೀಯಾ?" ಎಂದು ಊರಿಗಾಂನ ನಮ್ಮ ಅಕ್ಕಪಕ್ಕದ ಹೆಂಗಸರು ಚುಡಾಯಿಸಿದರೆ ಅವಳೂ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಬ್ಯಾಗಿಗೆ ಹೆದರಿದ್ದಾಳೆ, ನನಗೆ ಅದಕ್ಕಿಂತ ಹೆಚ್ಚು ಹೆದರಿದ್ದಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಕೇಳುವ ಧೈರ್ಯವಿರಲಿಲ್ಲ. ಅವಳು ಮತ್ತೆ ನನ್ನ ಪಕ್ಕ ಕೂರಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಈ ಕಾರಿನಲ್ಲೂ ಎಡಗಡೆ ಇದ್ದ ಬ್ಯಾಗನ್ನು ತೆಗೆಸಲು ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಒಪ್ಪಲಿಲ್ಲ.

"ಸಾರ್, ತಪ್ಪು ಬ್ಯಾಗ್‌ದಲ್ಲ. ಅದ್ರ ಮೇಲೆ ಏನೂ ಅಂಟಿಸ್ದೆ ಇದ್ರೆ ಸಾಕು. ತೆಗೆದ್ರೆ ನಾಳೆ ಅಮ್ಮನ ತಲೆ ಕಾಯೋರ್ಯಾರು?"

ನಾನು ಹಟ ಹಿಡಿದೆ. ಬೆಲ್ಟ್ ಹಾಕದೆ ಅವಳನ್ನು ಮುಂದೆ ಕೂರಿಸುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆ ಅವನು ಕಾರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ, ಬ್ಯಾಟರಿಯ ಮೈನಸ್ ವೈರು ಕಳಚಿದ.

"ಅರ್ಧ ಗಂಟೆ ಯಾರೂ ಮುಟ್ಬಾರ್ದು. ಒಳಗೆ ಕರೆಂಟ್ ಉಳ್ಕಂಡಿರ್ತದೆ."

ಟೀ ಕುಡಿದು ಬಂದೆವು. ತನ್ನ ಮೈಯಲ್ಲಿನ ಕರೆಂಟ್ ಇಳಿಯಲೆಂದು ಕಾರಿನ ಕಬ್ಬಿಣದ ಮೈ ಮುಟ್ಟಿ, ಡ್ಯಾಶ್‌ಬೋರ್ಡಿನ ಒಳಗಿನ ಹಳದಿ ಕನೆಕ್ಟರನ್ನು ಬಿಡಿಸಿ, ಬೋಲ್ಟು ಬಿಚ್ಚಿದ. ಬ್ಯಾಗಿನ ಡಬ್ಬಿಯ ಮುಚ್ಚಳ ಮೈಯ ಕಡೆ ತಿರುಗದಂತೆ ಹಿಡಿದು, ಮೊಸರಿನ ಗಡಿಗೆ ಹೊತ್ತವನಂತೆ ನಡೆದುಬಂದು, ಮುಚ್ಚಳ ಮೇಲಾಗಿ ನೆಲದ ಮೇಲಿಟ್ಟ. ಬೋರಲು ಇಟ್ಟಾಗ ಸಿಡಿದರೆ ಡಬ್ಬಿಯೇ ಹಾರುತ್ತದಂತೆ. ಗುಜರಿಗೆ ಹಾಕುವಂತಿಲ್ಲ, ಕಂಪನಿ ಸರ್ವಿಸ್ ಸೆಂಟರಿಗೇ ಒಪ್ಪಿಸುತ್ತೇನೆ ಎಂದ. ಖಾಲಿಯಾದ ಜಾಗಕ್ಕೆ ಕಪ್ಪು ತಗಡು ಹಾಕಿಕೊಟ್ಟ.

ಮರುದಿನ ಆಸ್ಪತ್ರೆಗೆ ಹೊರಟಾಗ ಅವಳಿಗೆ ಆ ತಗಡನ್ನು ಮುಟ್ಟಿಸಿ ತೋರಿಸಿದೆ. ನನ್ನ ಮುಖ ನೋಡಿ, ಮುಂದೆ ಕೂತು ಬೆಲ್ಟ್ ಹಾಕಿಕೊಂಡಳು. ಹೊಸ ಮದುವೆ ಗಂಡಿನ ಹಾಗೆ ದಾರಿಯುದ್ದಕ್ಕೂ ಒಬ್ಬನೇ ಮಾತಾಡಿದೆ. ಬಂಗಾರಪೇಟೆ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಕಾರು ನಿಂತಾಗ ಅವಳು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.

"ಭಯ ಆಗ್ತಿದೆಯಾ?" ಎಂದೆ.

"ಭಯ ಯಾಕೆ? ಇಲ್ಲಿ ಕೂತ್ರೆ ನೀವು ಕಾಣಕಿಲ್ಲ ಕಣ್ರೀ. ಓಗಿರೋ ಕಣ್ಣು ನಿಮ್ಮ ಕಡೇದು. ಇಂದೆ ಕೂತಾಗೆಲ್ಲ ಕನ್ನಡಿಯಾಗೆ ನಿಮ್ಮ ಮಕ ನೋಡ್ಕಂಡು ಬತ್ತಿದ್ದೆ."

ಗೇಟು ತೆಗೆಯುವ ಮೊದಲೇ ಅವಳು ಇಳಿದು ಹಿಂದೆ ಹೋಗಿ ಸೀಟಿನ ನಡುವೆ ಕೂತಳು. ಎರಡು ವರ್ಷ ಅದೇ ಕನ್ನಡಿಯಲ್ಲಿ, ಅವಳ ಮುಖ ತಪ್ಪಿಸಿ, ನಾನು ಹಿಂದೆ ಬರುವ ಲಾರಿಗಳನ್ನು ಮಾತ್ರ ನೋಡಿಕೊಂಡು ಬಂದಿದ್ದೆ.